ಸಾಬವ್ವನ ಹಸಿರು ಗುರುತು

ಡೊಂಬಿವಲಿ ಪೂರ್ವ
೧೪ ಸೆಪ್ಟೆಂಬರ್ ೨೦೨೫

ಮಗಳು ನೇತ್ರಾಳಿಗೆ, ಅವ್ವನ ಪ್ರೀತಿಯ ನೆನಪುಗಳು.

ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಇರಲಿ. ಈ ವಿಷಯಕ್ಕೆ ಸಹಿ ಇರುವ ಕಾಗದವೇ ಬೇಕು.

ನನ್ನ ಐದನೆಯ ತರಗತಿಯಲ್ಲಿದ್ದ ಸಾಬವ್ವ ನಿನಗೆ ನೆನಪಿರಬಹುದು. ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಕಾಡಪ್ಪನ ಮಗಳು. ನೀನು ಸೀವುಡ್ಸ್‌ನ ಆಫೀಸಿನಿಂದ ನಿಮ್ಮ ಕಂಪನಿಯ ಟ್ಯಾಬ್‌ಗಳನ್ನು ನಮ್ಮ ಶಾಲೆಗೆ ತಂದ ದಿನ, ನಿನ್ನ ದುಪಟ್ಟಾ ಹಿಡಿದುಕೊಂಡೇ ತಿರುಗಿದವಳು. ಲೆಕ್ಕದಲ್ಲಿ ಚುರುಕು. ಓದು ಮಾತ್ರ ಬರುತ್ತಿರಲಿಲ್ಲ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು.

ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿ, ಓದುವ ಸಾಮರ್ಥ್ಯ ಬಂದಿದ್ದರೆ ಟ್ಯಾಬ್ ಹಸಿರು ಗುರುತು ಹಾಕುತ್ತದೆ, ಇಲ್ಲದಿದ್ದರೆ ಕೆಂಪು. ಕೆಂಪು ಬಂದವರಿಗೆ ಮುಂದಿನ ವರ್ಷ ದಿನಕ್ಕೊಂದು ತಾಸು ಓದು ಕಲಿಸುತ್ತಾರೆ. ಮಾರ್ಚ್ ಕೊನೆಗೆ ಇಪ್ಪತ್ತಮೂರು ಮಕ್ಕಳಲ್ಲಿ ಸಾಬವ್ವನದೊಂದೇ ಕೆಂಪು ಉಳಿದಿತ್ತು. ಎಲ್ಲರೂ ಹೋದ ಮೇಲೆ ನಾನೇ ದನಿ ಸಣ್ಣ ಮಾಡಿ ಅವಳ ಹೆಸರಿನಲ್ಲಿ ಓದಿದೆ. ಹಸಿರಾಯಿತು. ಸಾಬವ್ವ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಯಾರಿಗೂ ಹೇಳಬೇಡ ಎಂದೆ.

ಇದನ್ನು ನನ್ನಿಂದ ಯಾರೂ ಮಾಡಿಸಿದ್ದಲ್ಲ. ನಿನಗೂ ಗೊತ್ತಿರಲಿಲ್ಲ.

ಜೂನ್‌ನಲ್ಲಿ ಅವಳು ಆರನೆಯ ತರಗತಿಗೆ ಕಲ್ಯಾಣದ ಶಾಲೆ ಸೇರಿದಳು. ಅಲ್ಲಿಯೂ ನಿಮ್ಮದೇ ಟ್ಯಾಬ್. ಅದು ನೇರವಾಗಿ ದೊಡ್ಡ ಪಾಠ ತೆರೆಯಿತು. ಹಸಿರು ಗುರುತು ನೋಡಿದ ಶಿಕ್ಷಕರು, ಹುಡುಗಿಗೆ ಓದಲು ಬರುತ್ತದೆ, ಹಟ ಮಾಡುತ್ತಾಳೆ ಎಂದು ಅವಳ ತಾಯಿ ಈರವ್ವನನ್ನು ಕರೆಸಿ ಹೇಳಿದರು. ಆಗಸ್ಟ್‌ನಲ್ಲಿ ಸಾಬವ್ವ ಶಾಲೆ ಬಿಟ್ಟಳು. ಈಗ ತಾಯಿಯ ಜೊತೆ ನಾಲ್ಕು ಮನೆ ಪಾತ್ರೆ ತೊಳೆಯಲು ಹೋಗುತ್ತಾಳೆ.

ಕಳೆದ ಭಾನುವಾರ ಅವರ ಮನೆಗೆ ಹೋದೆ. ಈರವ್ವ ನನಗೆ ಚಹಾ ಕೊಟ್ಟು ಹೇಳಿದಳು: "ಓದಾಕ ಬರತೈತಿ ಅಂತ ನೀವ ಬರದ ಕೊಟ್ಟೀರಲ್ರಿ ಅಕ್ಕಾರ. ಇಕಿ ಸೋಗ ಹಾಕ್ಯಾಳ ಅಂದಕೊಂಡು ಭಾಳ ಹೊಡದ್ನಿರಿ."

ಸಾಬವ್ವ ತಲೆ ಎತ್ತಲಿಲ್ಲ. ಅಷ್ಟು ಹೊಡೆತ ತಿಂದರೂ ಅವಳು ತಾಯಿಗೆ ನಿಜ ಹೇಳಿರಲಿಲ್ಲ. ನಾನು ಬೇಡ ಎಂದಿದ್ದೆನಲ್ಲ. ಈಗ ನಾನೇ ನಿಜ ಹೇಳಿದೆ. ಈರವ್ವ ಬಹಳ ಹೊತ್ತು ಮಗಳ ಬೆನ್ನು ಸವರುತ್ತ ಕೂತಳು.

ಮರುದಿನ ನಮ್ಮ ಮುಖ್ಯೋಪಾಧ್ಯಾಯ ರಘುಪತಿಯವರನ್ನು ಕೇಳಿದೆ. ಒಮ್ಮೆ ಹಸಿರಾದದ್ದನ್ನು ಶಾಲೆಯಿಂದ ಬದಲಿಸಲಾಗದು, ಕಂಪನಿಯೇ ಮಾಡಬೇಕು ಎಂದರು. ಅದಕ್ಕೇ ಈ ಕಾಗದ. ಇದನ್ನು ನಿನ್ನ ಸಾಹೇಬರಿಗೆ ತೋರಿಸಿ ಸಾಬವ್ವನ ಗುರುತು ಕೆಂಪು ಮಾಡಿಸು. ಓದು ಕಲಿಸುವ ತಾಸು ಸಿಕ್ಕರೆ ಮತ್ತೆ ಶಾಲೆಗೆ ಕಳಿಸುತ್ತೇನೆ ಎಂದಿದ್ದಾಳೆ ಈರವ್ವ. ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿದೆ. ಏನಾಗುತ್ತದೋ ಆಗಲಿ.

ನಿನ್ನ ಅವ್ವ,
ಕಾಂಚನಾ

ತಾ.ಕ.: ಈ ಹಾಳೆ ಬೇರೆ ಇಟ್ಟಿದ್ದೇನೆ, ಇದು ನಿನಗೊಬ್ಬಳಿಗೆ. ನಿನಗೆ ಗೊತ್ತಿರಲಿಲ್ಲ ಎಂದು ಆ ಕಾಗದದಲ್ಲಿ ಬರೆದದ್ದು ನಿನ್ನ ಸಾಹೇಬರಿಗಾಗಿ. "ನಿಮ್ಮ ಸಾಲ್ಯಾಗ ಎಲ್ಲಾ ಹಸರ ಆಗಬೇಕಂತ ಸಾಹೇಬ್ರು ಅಂದಾರ, ಒಂದ ಹುಡುಗಿ ಸಲುವಾಗಿ ನನ್ನ ನೌಕರಿ ಹೋಗತದವ್ವಾ, ಹೆಂಗರೆ ಮಾಡು" ಎಂದು ನೀನು ಫೋನಿನಲ್ಲಿ ಅತ್ತದ್ದನ್ನು ಈರವ್ವನಿಗೆ ಮಾತ್ರ ಹೇಳಿದ್ದೇನೆ. ಅವಳ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಇಷ್ಟೇ: "ನಿಮ್ಮ ಮಗಳ ನೌಕರಿ ಉಳೀತೇನ್ರಿ ಅಕ್ಕಾರ?"

ಉಳಿಯಿತು ಎಂದೆ.