ಅಮ್ಮನ ಆಣೆ, ನನ್ನ ಹೆಬ್ಬೆರಳು

ಫೆಬ್ರವರಿ 3, ಶಿಕಾರಿಪುರ

ಬೆಳಗಿನ ಪ್ರಾಕ್ಟೀಸ್. ಹುಡುಗಿಯರನ್ನು ಖೋ-ಖೋ ಸಾಲಿನಲ್ಲಿ ಕೂರಿಸಿದೆ. ತುದಿಗಾಲಲ್ಲಿ ಹೇಗೆ ಕೂರಬೇಕೆಂದು ತೋರಿಸಲು ಹೋದೆ — ಬಲಗಾಲಿನ ಹೆಬ್ಬೆರಳು ಮಡಚಲೇ ಇಲ್ಲ. ಬುಡದಲ್ಲಿ ಚೂರಿ ಹಾಕಿದಂಥ ನೋವು. ಪಕ್ಕಕ್ಕೆ ಬಿದ್ದೆ. "ಪಿಟಿ ಮೇಡಂ ಔಟ್!" ಅಂದಳು ಅರ್ಚಿತಾ, ಎಂಟನೇ ಕ್ಲಾಸಿನ ತಲೆಹರಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅಳು ಬಂತು.

ಫೆಬ್ರವರಿ 8

ಶಿವಮೊಗ್ಗದ ಡಾಕ್ಟರ್ ಎರಡು ದಾರಿ ಹೇಳಿದರು. ಕೀಲನ್ನು ಬೆಸೆದುಬಿಡುವುದು — ನೋವು ಹೋಗುತ್ತದೆ, ಬೆರಳು ಇನ್ನೆಂದೂ ಮಡಚುವುದಿಲ್ಲ. ಇಲ್ಲವೇ ಮೇಲೆ ಬೆಳೆದ ಮೂಳೆಯನ್ನು ಕೆತ್ತಿ ಕೀಲು ಉಳಿಸುವುದು.

"ಅರ್ಧ ಕೆಲಸ ನಂದು, ಅರ್ಧ ನಿಮ್ದು ಮೇಡಂ. ಮೊದಲ ವಾರದಿಂದಲೇ ಮಡಚ್ತಾ ಇರ್ಬೇಕು, ನೋವಾದ್ರೂ. ಬಿಟ್ರೆ ಮತ್ತೆ ಬಿಗಿದುಬಿಡುತ್ತೆ."

ಕೀಲು ಉಳಿಸಿ ಅಂದೆ. ಸಾಲಿನಲ್ಲಿ ಕೂರಲಾರದ ಮೇಲೆ ನಾನು ಎಂಥ ಖೋ-ಖೋ ಟೀಚರ್?

ಫೆಬ್ರವರಿ 20, ಉಳವಿ

ಆಪರೇಷನ್ ಆಯಿತು. ಇವರಿಗೆ ಅನ್ನಕ್ಕಿಡಲೂ ಬಾರದು. ತವರಿಗೆ ತಂದು ಬಿಟ್ಟರು. ಇವತ್ತು ಬೆರಳನ್ನು ಹಿಡಿದು ಮೆಲ್ಲಗೆ ಮೇಲೆತ್ತಿದೆ. ಚೀರಿಬಿಟ್ಟೆ. ಬ್ಯಾಂಡೇಜಿನ ಮೇಲೆ ಒಂದು ಚೂರು ರಕ್ತ. ಅಮ್ಮ ಒಲೆ ಬಿಟ್ಟು ಓಡಿ ಬಂದಳು.

"ಏನ್ ಮಾಡ್ಕಳ್ತಿದೀಯೇ? ನಿಮ್ಮಪ್ಪಯ್ಯಂಗೂ ಹಿಂಗೇ ಆಗಿದ್ದು. ಕಾಲಿಗೆ ಗುದ್ದಲಿ ಪೆಟ್ಟು. ಸುಮ್ನೆ ಕೂತ್ಕಳಿ ಅಂದ್ರೆ ಕೇಳ್ಲಿಲ್ಲ, ಗದ್ದೆಗೆ ಹೋದ್ರು. ನಂಜೇರಿ ಹೋಗೇಬಿಟ್ರು."

"ಅಮ್ಮಾ, ಡಾಕ್ಟ್ರೇ ಹೇಳಿದಾರೆ..."

ನನ್ನ ಕೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ಹೊಲಿಗೆ ಬಿಚ್ಚೋ ತನ್ಕ ಆ ಬೆರಳು ಅಲ್ಲಾಡ್ಸಿದ್ರೆ ನನ್ನಾಣೆ!"

ಫೆಬ್ರವರಿ 22

ಸೈನ್ಸ್ ಓದಿದವಳು ನಾನು. ಆಣೆ ಗೀಣೆ ನಂಬುವುದಿಲ್ಲ. ಆದರೂ ಬೆರಳಿನ ಹತ್ತಿರ ಕೈ ಹೋಗುತ್ತಿಲ್ಲ.

ಡಾಕ್ಟರ್ ಫೋನಿನಲ್ಲಿ ಅಮ್ಮನಿಗೇ ಹೇಳಿದರು. "ಆತು ಸಾರ್... ಆತು ಸಾರ್." ಫೋನಿಟ್ಟು, "ಅವ್ರಿಗೇನು? ಅವ್ರ ಮಗಳೇನಲ್ವಲ್ಲ" ಅಂದಳು.

ಕರೆದುಕೊಂಡು ಹೋಗಿ ಅಂತ ಇವರಿಗೆ ಹೇಳಿದೆ. "ಅತ್ತಿ ಬೇಜಾರ್ ಮಾಡ್ಕಂತಾರ ಮಾರಾಯ್ತಿ, ಸ್ವಲ್ಪ ತಡ್ಕ." ಇಡೀ ಗ್ರೌಂಡನ್ನು ಒಂದು ವಿಷಲ್ಲಿಗೆ ನಿಲ್ಲಿಸುವವಳ ಮಾತು ಈ ಮನೆಯಲ್ಲಿ ಮೂರು ಕಾಸಿಗೂ ಬಾಳುವುದಿಲ್ಲ.

ಫೆಬ್ರವರಿ 26

ಅಮ್ಮ ಸೊರಬಕ್ಕೆ ಹೋದಳು. ಬಾಗಿಲು ಹಾಕಿಕೊಂಡು ಮಡಚಿದೆ. ಪ್ರಾಣ ಹೋಗುವ ನೋವು... ಆದರೂ ಬಂತು! ಇನ್ನೊಮ್ಮೆ. ಇನ್ನಷ್ಟು ಬಂತು.

ಸಂಜೆಯ ಬಸ್ಸಿಗೆ ಅಮ್ಮ ಬರಲಿಲ್ಲ. ಫೋನ್ ಎತ್ತುತ್ತಿಲ್ಲ. ಕತ್ತಲಾಯಿತು. ತಪ್ಪಾಯಿತು, ಇನ್ನು ಮುಟ್ಟುವುದಿಲ್ಲ ಅಂತ ದೇವರ ಗೂಡಿಗೆ ಕೈ ಮುಗಿದೆ — ಸೈನ್ಸ್ ಓದಿದವಳು.

ಬಂದಳು. ದಾರಿಯಲ್ಲಿ ಬಸ್ ಕೆಟ್ಟಿತ್ತಂತೆ.

ಮಾರ್ಚ್ 4

ಹೊಲಿಗೆ ಬಿಚ್ಚಿದರು. ಬಸ್ ಕೆಟ್ಟ ದಿನದಿಂದ ಬೆರಳು ಮುಟ್ಟಿರಲಿಲ್ಲ. ಗಾಯ ಚೊಕ್ಕವಾಗಿ ಮಾಗಿದೆ. "ಈಗ ಮಡಚಿ ಮೇಡಂ." ಬರಲಿಲ್ಲ. ಡಾಕ್ಟರೇ ಹಿಡಿದು ಒತ್ತಿದರು. ಬೆರಳು ಅಲುಗಲಿಲ್ಲ. "ಮಾಡ್ತಾನೇ ಇರ್ಲಿಲ್ವಾ?"

ಅಮ್ಮ ಪಕ್ಕದಲ್ಲೇ ನಿಂತಿದ್ದಳು. "ಧೈರ್ಯ ಸಾಲಲಿಲ್ಲ ಸರ್" ಅಂದೆ.

ಕಾರಿನಲ್ಲಿ ಅಮ್ಮ ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಯದ ಗೆರೆ ಸವರುತ್ತಿದ್ದಳು. ಮುಖದಲ್ಲಿ ಎಷ್ಟು ಸಂತೋಷ. "ಈ ಸಲ ಉಳಿಸ್ಕಂಡೆ ನೋಡು" ಅಂದಳು.

ಹೂಂ ಅಮ್ಮ ಅಂದೆ. ಸಿಟ್ಟು ಮಾಡಲೂ ಆಗಲಿಲ್ಲ.

ಮಾರ್ಚ್ 5

ಆಣೆ ಮುಗಿಯಿತು. ಅಮ್ಮನೇ ಬಿಸಿನೀರು ತಂದಿಟ್ಟಳು. "ಈಗ ಮಡಚು ಮಗಾ, ಎಷ್ಟ್ ಬೇಕಾದ್ರೂ ಮಡಚು." ಎದುರಿಗೇ ಕೂತಿದ್ದಾಳೆ, ನೋಡಲು. ಎರಡೂ ಕೈಯಲ್ಲಿ ಬೆರಳನ್ನು ಹಿಡಿದು ಒತ್ತಿದೆ. ಬಿಗಿದುಬಿಟ್ಟಿದೆ, ಮಡಚಲೇ ಇಲ್ಲ.