ಗಾಲಿ ಕಚ್ಚುವ ಪುಟ

ನೆರಳಿಲ್ಲದ ತಿಂಗಳು, ಮೂವತ್ತೆಂಟನೆಯ ದಿನ, ಉರುಳುವರ್ಷ ೧೩೬
ಅಳತೆಮನೆ, ಹುಬ್ಬಳ್ಳಿ

ಪೂರ್ಣಿಮಾ ಬಡಿಗೇರ ಅವರಿಗೆ, ಅವರ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ನಿಂಬೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ವರ್ಷದ ಎಣಿಕೆ ಊರಿನ ಕೊನೆಯ ಪೆಟ್ರೋಲ್ ಬಂಕ್ ಮುಚ್ಚಿದ ದಿನದಿಂದ. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಮ್ಮ ಮನೆಯಲ್ಲಿ ಉಳಿದಿರುವ ನಿನ್ನ ನೋಟ್‌ಬುಕ್ಕಿನಲ್ಲಿ ಅರ್ಥವಾಗದ ಮಾತುಗಳನ್ನು ನಾನೂ ಹಾಗೆಯೇ ನುಂಗಿಕೊಂಡಿದ್ದೇನೆ. ಏಕವಚನಕ್ಕೂ ಕ್ಷಮೆಯಿರಲಿ. ನೀನು ಆರು ತಲೆಮಾರು ಹಿಂದಿನ ಅಜ್ಜಿ, ನಿಜ. ಆದರೆ ಈ ಕಾಗದ ಮುಟ್ಟುವ ಹೊತ್ತಿಗೆ ನಿನಗೆ ಇಪ್ಪತ್ನಾಲ್ಕು, ನನಗೆ ಐವತ್ತೊಂದು. ಅಜ್ಜಿ ಎನ್ನಲು ನಾಲಿಗೆ ಏಳುತ್ತಿಲ್ಲ.

ನಮ್ಮಲ್ಲಿ ಹಿನ್ನಂಚೆ ಎಂಬುದಿದೆ, ಸತ್ತುಹೋದ ಹಿರಿಯರಿಗೆ ಅವರು ಬದುಕಿದ್ದ ಕಾಲಕ್ಕೇ ಕಾಗದ ಕಳಿಸುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ಪಕ್ಕದ ಮನೆಯ ಶಾಂತಕ್ಕ ತನ್ನ ಒಂದೇ ಒಂದು ಕಾಗದದಲ್ಲಿ ಶೇಂಗಾ ಹೋಳಿಗೆಗೆ ಬೆಲ್ಲ ಎಷ್ಟು ಹಾಕಬೇಕೆಂದು ತನ್ನ ಮುತ್ತಜ್ಜಿಯನ್ನು ಕೇಳಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ನನ್ನ ಕಾಗದವನ್ನು ನಾನು ಹಲಗೆ, ಗಾಲಿಗಳಿಗಾಗಿ ಕಳೆಯುತ್ತಿದ್ದೇನೆ. ಅವಳು ನಗಲಿ.

ನೀನು ಕಟ್ಟಲು ಹೊರಟಿರುವ ಕರೆಂಟಿನ ಸ್ಕೇಟ್‌ಬೋರ್ಡಿಗೆ ನಾವು ಉರುಳುಹಲಗೆ ಎನ್ನುತ್ತೇವೆ. ಇಲ್ಲಿ ಎಲ್ಲರೂ ಓಡಾಡುವುದು ಅದರ ಮೇಲೆಯೇ. ಸೊಪ್ಪಿನವಳು ತಲೆಯ ಮೇಲೆ ಬುಟ್ಟಿ ಹೊತ್ತು, ಒಂದು ಕೈ ಸೊಂಟದ ಮೇಲಿಟ್ಟು ಉರುಳಿ ಬರುತ್ತಾಳೆ. ಮದುವೆಯ ದಿಬ್ಬಣ ಸಾಲಾಗಿ ಉರುಳುತ್ತದೆ, ಹಿಂದೆ ಬ್ಯಾಂಡಿನವರೂ. ಕೇಳಿ ಹಿಗ್ಗಬೇಡ. ಹದಿನಾರು ತುಂಬಿದ ದಿನ ಪ್ರತಿಯೊಬ್ಬರೂ ಅಳತೆಮನೆಗೆ ಬಂದು ಹೆಜ್ಜೆಗಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಆ ಕಲ್ಲು ತೂಕ, ಪಾದ, ಮೊಣಕಾಲಿನ ನಡುಕ ಎಲ್ಲವನ್ನೂ ಅಳೆಯುತ್ತದೆ. ಆಮೇಲೆ ಹಲಗೆಯ ಕೋಣೆಯಲ್ಲಿ ಹಲಗೆ, ಅಚ್ಚಿನ ಕೋಣೆಯಲ್ಲಿ ಅಚ್ಚು, ಗಾಲಿಯ ಕೋಣೆಯಲ್ಲಿ ಗಾಲಿ ತಯಾರಾಗುತ್ತವೆ. ಅಚ್ಚು ಎಂದರೆ ನೀನು ಟ್ರಕ್ ಎಂದು ಬರೆಯುವ, ಗಾಲಿಗಳನ್ನು ಹಲಗೆಗೆ ಹಿಡಿದಿಡುವ ಕಬ್ಬಿಣ. ಒಂದು ಕೋಣೆಯವರು ಇನ್ನೊಂದಕ್ಕೆ ಕಾಲಿಡುವ ಪದ್ಧತಿಯಿಲ್ಲ. ಮೂರನ್ನೂ ಹೊಂದಿಸುವ ಲೆಕ್ಕ ಕಲ್ಲಿನದು. ಹಾಗಾಗಿ ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬುದು ಮನುಷ್ಯರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರಬೇಕಾದ ಪ್ರಸಂಗವೂ ಬಂದಿಲ್ಲ, ಏಕೆಂದರೆ ಕಲ್ಲು ತಪ್ಪುವುದಿಲ್ಲ. ಇಲ್ಲಿ ಯಾರೂ ಬೀಳುವುದಿಲ್ಲ. ತಲೆಗೆ ಹೆಲ್ಮೆಟ್ ಹಾಕುವುದನ್ನೂ ನಾವು ಮರೆತು ಎರಡು ತಲೆಮಾರಾಯಿತು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಿಮ್ಮ ಕಾಲದಲ್ಲಿ ಹೇಳುತ್ತಿದ್ದರಂತೆ. ನಮ್ಮಲ್ಲಿ ಓಟವೂ ಪರರಿಚ್ಛೆ. ಮೂವತ್ತು ವರ್ಷಗಳಿಂದ ಆ ಕಲ್ಲನ್ನು ಒರೆಸಿ, ಅದರ ಅಂಕಿಗಳನ್ನು ಓದುವುದೇ ನನ್ನ ಕೆಲಸ. ಹದಿನಾರರಲ್ಲಿ ನನಗೆ ಬಂದ ಹಲಗೆ ಕಂದು ಬಣ್ಣದ್ದು. ಕಂದು ಬಣ್ಣ ನನಗೆ ಆಗಿಬರುವುದಿಲ್ಲ.

ಇನ್ನು ನಿನ್ನ ನೋಟ್‌ಬುಕ್ಕಿನ ಮಾತು. ನಮ್ಮ ಮನೆಯಲ್ಲಿ ಅದು ತಾಯಿಯಿಂದ ಹಿರಿಮಗಳಿಗೆ ಬರುತ್ತದೆ, ನನಗೂ ಹಾಗೆಯೇ ಬಂತು. ನಲವತ್ತೆರಡು ಪುಟದಲ್ಲಿ ಹದಿನೇಳು ಪುಟ ನೀನು ಬರೀ ಹಲಗೆಗಾಗಿ ಒದ್ದಾಡಿದ್ದೀಯ. ಏಳು ಪದರದ ಮೇಪಲ್ ಮರದ ಹಲಗೆ ಗಟ್ಟಿ, ಬ್ಯಾಟರಿ ಪೆಟ್ಟಿಗೆ ಅಲ್ಲಾಡದೆ ಕೂರುತ್ತದೆ, ಆದರೆ ಹುಬ್ಬಳ್ಳಿಯ ರಸ್ತೆಯಲ್ಲಿ ಮೊಣಕಾಲಿನ ಕಥೆ ಮುಗಿಯುತ್ತದೆ. ಬಿದಿರು ಬಾಗಿ ಕುಲುಕಾಟ ನುಂಗುತ್ತದೆ, ಆದರೆ ಬ್ಯಾಟರಿಯನ್ನು ಎರಡು ಪಾಲು ಮಾಡಿ ಎರಡು ತುದಿಗೆ ಕಟ್ಟಬೇಕು. ಅಪ್ಪನ ಬಡಗಿ ಅಂಗಡಿಯಲ್ಲಿ ಸಾಗವಾನಿಯ ಪದರ ಒತ್ತಿ ನೋಡಲೇ ಎಂದು ಕೇಳಿದಾಗ ಅವರು ಹೇಳಿದ್ದನ್ನೂ ಬರೆದಿಟ್ಟಿದ್ದೀಯ: "ಸಾಗವಾನಿ ದೊಡ್ಡ ಮನಷ್ಯಾ ಇದ್ದಂಗ ಪೂರ್ಣಿ, ಬಾಗಂಗಿಲ್ಲ. ಬಿದಿರ ತಗೋ, ಹೇಳಿದ್ದ ಕೇಳತೈತಿ." ಆಮೇಲೆ ಗಾಲಿ. ತೊಂಬತ್ತು ಮಿಲಿಮೀಟರೋ ನೂರಾ ಏಳೋ, ಗಟ್ಟಿ ಗಾಲಿಯೋ ಗಾಳಿ ತುಂಬುವುದೋ, ಕಿತ್ತಳೆ ಬಣ್ಣವೋ ಹಸಿರೋ. "ನಾಳೆ ನೋಡೋಣ" ಎಂದು ಒಂಬತ್ತು ಸಲ ಬರೆದಿದ್ದೀಯ. ಒಂಬತ್ತು ಸಲ! ನನ್ನ ಜನ್ಮದಲ್ಲಿ ಒಂದು ಸಲವೂ ಆ ಮಾತು ಆಡುವ ಭಾಗ್ಯ ನನಗೆ ಬರಲಿಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು, ಪೂರ್ಣಿಮಾ. ನಿನ್ನ ಗೊಂದಲದ ಮೇಲೆ, ಗೀಚಿ ಹೊಡೆದುಹಾಕಿದ ಸಾಲುಗಳ ಮೇಲೆ, ನಿನ್ನ ಕಿತ್ತಳೆ ಗಾಲಿಯ ಮೇಲೆ.

ನೀನಾದರೂ ದೂರದಲ್ಲಿದ್ದೀಯ. ನನ್ನ ತಂಗಿ ಹೊನ್ನವ್ವ ಎರಡು ಓಣಿ ಆಚೆ ಇದ್ದಾಳೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಹೆಸರು ಬಂದ ಒಬ್ಬರಿಗೆ ಮಾತ್ರ ಇಚ್ಛಾಹಲಗೆ: ಮೂರೂ ಕೋಣೆಗೆ ಹೋಗಿ ಬೇಕಾದ್ದನ್ನು ತಾವೇ ಆರಿಸಿ ಕಟ್ಟಿಕೊಳ್ಳಬಹುದು. ತಿಂಗಳ ಕೊನೆಯ ದಿನ ಅದನ್ನೇರಿ ನೃಪತುಂಗ ಬೆಟ್ಟದ ರಸ್ತೆಯಲ್ಲಿ ಇಳಿದು ಬರಬೇಕು, ಊರೆಲ್ಲ ನಿಂತು ನೋಡುತ್ತದೆ. ನಾನು ಮೂವತ್ತು ವರ್ಷ ಚೀಟಿ ಹಾಕಿದೆ. ಹೊನ್ನವ್ವ ಈ ವರ್ಷ ಮೊದಲ ಸಲ, ಅದೂ ನನ್ನ ಜೊತೆ ಬಂದವಳು ಸುಮ್ಮನೆ ನಿಲ್ಲುವುದೇಕೆಂದು ಹಾಕಿದಳು. ಬಂದದ್ದು ಅವಳ ಹೆಸರು. ನಾನು ಎಲ್ಲರ ಮುಂದೆ ಅವಳ ಬಾಯಿಗೆ ಪೇಢಾ ಇಟ್ಟೆ. ಉಳಿದ ಪೇಢಾದಲ್ಲಿ ಒಂದನ್ನೂ ನಾನು ತಿನ್ನಲಿಲ್ಲ.

ಅವಳು ಹಲಗೆಯ ಕೋಣೆಗೆ ಹೋಗಿ ಎಲ್ಲಕ್ಕಿಂತ ಚೆನ್ನಾಗಿ ಬಾಗುವ ಬಿದಿರನ್ನು ಆರಿಸಿದಳು. ಅಚ್ಚಿನ ಕೋಣೆಯಲ್ಲಿ ಎಲ್ಲಕ್ಕಿಂತ ಗಿಡ್ಡ ಅಚ್ಚು, ನೆಲಕ್ಕೆ ಹತ್ತಿರವಿದ್ದಷ್ಟೂ ನಿಲ್ಲುವುದು ಸುಲಭವೆಂದು. ಗಾಲಿಯ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗಾಲಿ. ಪ್ರತಿ ಕೋಣೆಯಲ್ಲೂ ಅತ್ಯುತ್ತಮವಾದದ್ದು. ಹಿಂದೆ ಚೀಟಿ ಬಂದವರೆಲ್ಲ ಅಂಜಿ, ಕಲ್ಲು ಕೊಟ್ಟ ಅಳತೆಯನ್ನೇ ಆರಿಸಿ ಬಣ್ಣವಷ್ಟೇ ಬದಲಿಸಿದ್ದರು, ಹಾಗಾಗಿ ಅವರಲ್ಲೂ ಯಾರೂ ಬಿದ್ದಿರಲಿಲ್ಲ. ಕಟ್ಟಿ ಮುಗಿಸಿ ನನ್ನ ಹತ್ತಿರ ತಂದಳು. "ಅಕ್ಕಾ, ನೀ ಮೂವತ್ತ ವರ್ಷ ಅಳತೀಮನ್ಯಾಗ ಅದೀ. ಇದು ಬರೋಬ್ಬರಿ ಐತೇನ ನೋಡಿ ಹೇಳ. ಅಜ್ಜೀ ಪುಸ್ತಕಾನೂ ಒಂದ ದಿನ ಕೊಡ, ಓದಿ ಕೊಡ್ತೀನಿ."

ಹಲಗೆ ನೋಡಿದ ಕೂಡಲೇ ನನಗೆ ನಿನ್ನ ಮೂವತ್ತೊಂದನೆಯ ಪುಟ ನೆನಪಾಯಿತು. ನೀನು ಅದನ್ನು ಇನ್ನೂ ಬರೆದಿಲ್ಲ, ಇನ್ನೆರಡು ತಿಂಗಳಲ್ಲಿ ಬರೆಯುತ್ತೀಯ. ಅದರಲ್ಲಿ ಹೀಗಿದೆ: "ಉಣಕಲ್ಲ ಕೆರಿ ತಿರುವಿನ್ಯಾಗ ಬಿದ್ದೆ. ಗದ್ದಕ್ಕ ನಾಕ ಹೊಲಿಗಿ. ಬಾಗೋ ಹಲಗಿ, ಗಿಡ್ಡ ಟ್ರಕ್, ದೊಡ್ಡ ಗಾಲಿ, ಮೂರೂ ಒಂದ ಕಡೆ ಕೂಡಿದ್ರ ತಿರುವಿನ್ಯಾಗ ಗಾಲಿ ಹಲಗಿಗೆ ಕಚ್ಚತೈತಿ. ಗಾಲಿ ಅಲ್ಲೇ ನಿಲ್ಲತೈತಿ, ನಾವ್ ನಿಲ್ಲಂಗಿಲ್ಲ. ಹಲಗಿಗೂ ಟ್ರಕ್ಕಿಗೂ ನಡುವ ರಬ್ಬರ್ ತುಂಡ ಹಾಕಬೇಕು."

ನಾನು ಹೊನ್ನವ್ವನಿಗೆ "ಬರೋಬ್ಬರಿ ಐತಿ ತಂಗಿ" ಎಂದೆ. ಪುಸ್ತಕ ತರುತ್ತೇನೆಂದು ಒಳಗೆ ಹೋಗಿ, ಆ ಒಂದು ಪುಟ ಹರಿದು ಸೆರಗಿಗೆ ಸಿಕ್ಕಿಸಿ, ಉಳಿದದ್ದನ್ನು ಕೊಟ್ಟೆ. ಅವಳು ಸಾಯಲಿ ಎಂದಲ್ಲ. ಒಂದು ಸಲ ಎಡವಲಿ, ಊರೆಲ್ಲ ನೋಡಲಿ ಎಂದು. ಆದರೆ ನೃಪತುಂಗ ಬೆಟ್ಟದಲ್ಲಿ ಮೂರು ತಿರುವುಗಳಿವೆ, ಎರಡನೆಯದರ ಪಕ್ಕ ಕಲ್ಲಿನ ಇಳಿಜಾರು. ಬೀಳುವುದು ಹೇಗೆಂದು ಅವಳಿಗೆ ಗೊತ್ತಿಲ್ಲ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನೆ ಅವಳು ಪುಸ್ತಕ ಹಿಂದಿರುಗಿಸಿದಳು, ರಟ್ಟು ಹರಿದಿದ್ದ ಕಡೆ ಅಂಟು ಹಚ್ಚಿ. "ಅಜ್ಜಿ ಭಾಳ ನಗಸ್ತಾಳಕ್ಕ" ಎಂದು ಹೇಳಿ ಹೋದಳು. ಅವಳ ಇಳಿತ ನಾಡಿದ್ದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಬೀಳಬೇಡ ಎಂದು ನಿನಗೆ ಹೇಳುವಂತಿಲ್ಲ. ನೀನು ಬೀಳದಿದ್ದರೆ ಆ ಪುಟವೇ ಇರುವುದಿಲ್ಲ. ಬೀಳು. ನಾಲ್ಕು ಹೊಲಿಗೆ ಹಾಕಿಸಿಕೋ. ನಿನ್ನ ಆ ಗಾಯದ ಮೇಲೂ ನನಗೆ ಹೊಟ್ಟೆಕಿಚ್ಚೇ, ಏಕೆಂದರೆ ಅದು ನೀನೇ ಆರಿಸಿಕೊಂಡ ಗಾಲಿಯಿಂದಾದದ್ದು. ಆದರೆ ಮೂವತ್ತೊಂದನೆಯ ಪುಟದಲ್ಲಿ ಬರೆದದ್ದನ್ನು ಇನ್ನೊಂದು ಪುಟದಲ್ಲೂ ಬರೆ. ಎಲ್ಲಾದರೂ ಬರೆ, ಹಲಗೆಯ ಲೆಕ್ಕದ ನಡುವೆ, ರಟ್ಟಿನ ಒಳಗೆ, ನಾನು ಹರಿಯಲು ಮರೆಯುವಂಥ ಕಡೆ. ಆಗ ಹೊನ್ನವ್ವ ಅದನ್ನು ಓದಿರುತ್ತಾಳೆ, ನಾನು ಏನೂ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟೆ. ಈ ಕಾಗದ ನಿನಗೆ ಮುಟ್ಟುವುದಾಗಿದ್ದರೆ ಅದು ಎಂದೋ ಮುಟ್ಟಿರಬೇಕಲ್ಲ, ಆ ಮಾತು ಪುಸ್ತಕದ ಇನ್ನೊಂದು ಪುಟದಲ್ಲಿ ಈಗಾಗಲೇ ಇರಬೇಕಲ್ಲ ಎಂದು ಹೊಳೆಯಿತು. ಪುಸ್ತಕವನ್ನು ರಟ್ಟಿನಿಂದ ರಟ್ಟಿಗೆ ತಿರುವಿ ಹಾಕಿದೆ. ಎರಡು ಸಲ ನೋಡಿದೆ. ನೀನು ಬರೆದಿಲ್ಲ. ನಿನಗೆ ಕಾಗದ ಮುಟ್ಟಲಿಲ್ಲವೋ, ಮುಟ್ಟಿದ ಮೇಲೂ ನೀನು ಬೇಕೆಂದೇ ಬರೆಯಲಿಲ್ಲವೋ ನನಗೆ ತಿಳಿಯದು. ಎರಡನೆಯದೇ ಇರಬೇಕು. ನಾಲ್ಕು ಹೊಲಿಗೆಯ ಹೆಣ್ಣು ನೀನು, ನನ್ನಂಥವಳಿಗೆ ಅಷ್ಟು ಸುಲಭ ಮಾಡಿಕೊಡಲಾರೆ.

ಅಳತೆಮನೆಯ ಬಾಗಿಲ ರಬ್ಬರ್ ಹಾಸಿನಿಂದ ನಾಲ್ಕು ತುಂಡು ಕತ್ತರಿಸಿದ್ದೇನೆ. ಎಷ್ಟು ದಪ್ಪವಿರಬೇಕೆಂದು ನಿನ್ನ ಪುಟದಲ್ಲಿಲ್ಲ, ಕಲ್ಲನ್ನು ಕೇಳುವಂತಿಲ್ಲ. ಅಚ್ಚೊಂದಕ್ಕೆ ಒಂದು ಪದರ ಸಾಕೇ, ಎರಡು ಬೇಕೇ ಎಂದು ಒಂದು ತಾಸು ಒದ್ದಾಡಿ ಎರಡು ಪದರ ಎಂದು ಆರಿಸಿದೆ. ನಾಳೆ ನೋಡೋಣ ಎನ್ನುವಷ್ಟು ಹೊತ್ತು ನನಗಿಲ್ಲ. ಪುಟವನ್ನೂ ತುಂಡುಗಳನ್ನೂ ಹಿಡಿದು ಈಗ ಹೊನ್ನವ್ವನ ಮನೆಗೆ ಹೋಗುತ್ತಿದ್ದೇನೆ. ಅವಳನ್ನು ಹಲಗೆಯ ಮೇಲೆ ನಿಲ್ಲಿಸಿ, ಒಂದು ಪಕ್ಕಕ್ಕೆ ಪೂರ್ತಿ ವಾಲಿಸಿ, ಗಾಲಿಗೂ ಹಲಗೆಗೂ ನಡುವೆ ನನ್ನದೇ ಬೆರಳಿಟ್ಟು ನೋಡುತ್ತೇನೆ, ಗಾಲಿ ಕಚ್ಚಿದರೆ ಮೊದಲು ಅದನ್ನೇ ಕಚ್ಚಲಿ. ಈ ಪುಟ ಯಾಕೆ ಹರಿದಿದೆ ಎಂದು ಅವಳು ಕೇಳುತ್ತಾಳೆ. ಬೆರಳು ಅಲ್ಲಿರುವಾಗಲೇ ಹೇಳುತ್ತೇನೆ.