ಗುಡ್ಡದ ದಾರಿಗೆ ಹೊರಟವನಿಗೆ

ಆರ್ವಿಲ್,

ನಾನು ಆಸ್ಪತ್ರೆಯ ಪಾಳಿಗೆ ಹೊರಟೆ. ಎಬ್ಬಿಸಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಈ ಚೀಟಿ.

ನಿನ್ನ ಬೆನ್ನುಚೀಲ ಬಿಚ್ಚಿ ನೋಡಿದೆ. ಸ್ಕೌಟ್ ಮಕ್ಕಳ ಚೀಲ ಸುರಿಸಿ "ಇದ್ಯಾಕೆ, ಅದ್ಯಾಕೆ" ಎಂದು ಗದರುವ ಮೇಷ್ಟರ ಚೀಲದಲ್ಲಿ ಕಬ್ಬಿಣದ ಬಾಣಲೆ! ತೆಗೆದಿಟ್ಟಿದ್ದೇನೆ. ಟೂತ್‌ಪೇಸ್ಟನ್ನು ಮರಕ್ಕೆ ತೂಗುಹಾಕುವ ಊಟದ ಚೀಲಕ್ಕೆ ಸೇರಿಸಿದ್ದೇನೆ. ವಾಸನೆ ಹಿಡಿದು ನಿನ್ನ ಡೇರೆಗೆ ಕರಡಿ ಹಲ್ಲುಜ್ಜಲು ಬರುವುದು ಬೇಡ.

ಕೆರೆಯ ಸುತ್ತಲಿನ ದಾರಿ ಎಳೆಯರಿಗೆ, ನಮ್ಮ ಮಕ್ಕಳಿಗೆ ಗುಡ್ಡದ ದಾರಿಯೇ ಸರಿ ಎಂದು ಆರಿಸಿದೆಯಲ್ಲ, ನಿನ್ನ ಮೊಣಕಾಲನ್ನೂ ಒಂದು ಮಾತು ಕೇಳಬಾರದಿತ್ತೇ? ಅದಕ್ಕೆ ಕಟ್ಟುವ ಪಟ್ಟಿ ಚೀಲದ ಮೇಲೇ ಇದೆ. ಕಟ್ಟಿಕೋ.

"ನಾನು ಹಿಂದ್ಗಡೆ ಇರ್ತೀನಿ ಕಣೇ, ಹುಡುಗ್ರ ಮೇಲೆ ಕಣ್ಣಿಡೋಕೆ" ಎಂದು ನಿನ್ನೆ ಹೇಳಿದ್ದನ್ನು ನಾನು ನಂಬಲಿಲ್ಲ. ಹಿಂದಿದ್ದರೆ ನೀನು ಕುಂಟುವುದು ಯಾರಿಗೂ ಕಾಣುವುದಿಲ್ಲ. ಬಿದ್ದರೂ ಕಾಣುವುದಿಲ್ಲ, ಆರ್ವಿಲ್. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಬೇಕು, ಉಳಿದವರು ಅವರ ಹೆಜ್ಜೆಗೆ ಹೊಂದಿಕೊಳ್ಳಬೇಕು ಎಂದು ಪ್ರತಿ ವರ್ಷ ಮಕ್ಕಳಿಗೆ ಕಲಿಸುವವನು ನೀನೇ.

ನಿನ್ನ ಜೊತೆಗೆ ಬರುವ ಡೆಲ್ಫೀನ್‌ಗೆ ಫೋನ್ ಮಾಡಿದೆ. ಸಾಲಿನ ಕೊನೆಗೆ ಅವಳಿರುತ್ತಾಳೆ. "ಅಯ್ಯೋ, ಅವನು ಕುಂಟೋದು ಮಕ್ಕಳಿಗೆ ಯಾವತ್ತೋ ಗೊತ್ತು ಕಣೇ! ಅವನು ಬಂದು ಸೇರ್ಕೊಳ್ಳಲಿ ಅಂತ್ಲೇ ದಾರೀಲಿ ಶೂ ಲೇಸು ಬಿಚ್ಚಿ ಬಿಚ್ಚಿ ಕಟ್ತಾ ಕೂತ್ಕೋತಾವೆ" ಎಂದಳು. ನಗೋಣವೆಂದುಕೊಂಡೆ, ಆಗಲಿಲ್ಲ.

ಇವತ್ತು ನೀನು ಮುಂದೆ ನಡೆ. ಪಾಪ, ಆ ಮಕ್ಕಳು ಒಂದೇ ಸಲ ಲೇಸು ಕಟ್ಟಿಕೊಂಡು ಗುಡ್ಡ ಹತ್ತಲಿ.

ವಿನಿ